ಕೇಳದೆ ಅಳಿಸುವ ವಿದ್ಯೆ

ಪರೀಕ್ಷಾ ಕೇಂದ್ರದ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ-ತಮ್ಮ ಇಬ್ಬರು ಕೂತಿದ್ದರು. ತಮ್ಮನಿಗೆ ಕ್ಲೌಡ್ ಆಟೊಮೇಷನ್ ಪರೀಕ್ಷೆ. ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದನಂತೆ.

“ಈ ಸಲವೂ ಹೋದರೆ ಕೆಲಸ ಹೋಯ್ತು ಅಂತಲೇ ಅಕ್ಕಾ.”

“ಯಾಕೋ ಹೋಗತ್ತೆ? ನನ್ನ ಹೊಲಿಗೆ ಅಂಗಡಿ ವೆಬ್‌ಸೈಟ್ ಮೇಲೆ ಅಷ್ಟೊಂದು ಅಭ್ಯಾಸ ಮಾಡಿದೀಯ!”

“ಒಂದೇ ಆಜ್ಞೆಗೆ ಎಲ್ಲ ಅಳಿಸಿ, ಇನ್ನೊಂದಕ್ಕೆ ಮತ್ತೆ ಕಟ್ಟೋದು ಕಲೀಬೇಕಿತ್ತು. ವೆಬ್‌ಸೈಟ್ ವಾಪಸ್ ಬಂತಲ್ಲ?”

“ಬಂತು ಮಹಾರಾಯ. ಅದರಲ್ಲಿ ಬರೆದಿಟ್ಟಿದ್ದ ಗಿರಾಕಿಗಳ ಅಳತೆ ಬರಲಿಲ್ಲ. ನಲವತ್ತು ಜನರನ್ನ ಮತ್ತೆ ಕರೆಸಿ ಟೇಪು ಹಿಡಿದೆ. ಎಲ್ಲರೂ ದಪ್ಪ ಆಗಿದ್ದರು, ಬೈಗುಳ ಮಾತ್ರ ನನಗೆ. ಅಳಿಸಲಾ ಅಂತ ಕಂಪ್ಯೂಟರ್ ಒಂದು ಮಾತು ಕೇಳಲ್ವೇನೋ?”

“ಕೇಳತ್ತೆ. ಪ್ರತಿ ಸಲ ‘ಹೂಂ’ ಅನ್ನೋದು ಬೇಜಾರು ಅಂತ, ಕೇಳಬೇಡ ಅಂತ ನಾನೇ ಬರೆದಿಟ್ಟಿದ್ದೆ.”

“ಭೇಷ್! ಸೋಮಾರಿತನಕ್ಕೆ ಸರ್ಟಿಫಿಕೇಟ್ ಕೊಡೋ ಹಾಗಿದ್ದರೆ ನಿನಗೆ ಪರೀಕ್ಷೆಯೇ ಬೇಡ.”

ಬಾಗಿಲು ತೆರೆದು ಒಳಗೆ ಕರೆದರು. ಅವನು ಎದ್ದು ಫೋನನ್ನು ಅವಳಿಗೆ ಕೊಟ್ಟ.

“ಫೇಲಾದರೆ ಏನಕ್ಕಾ ಮಾಡಲಿ?”

“ಸೋಮವಾರದಿಂದ ನನ್ನ ಅಂಗಡಿಗೆ ಬಾ. ಗುಂಡಿ ಹಾಕು. ಕತ್ತರಿ ಮಾತ್ರ ನಿನ್ನ ಕೈಗೆ ಕೊಡಲ್ಲ.”

ಅವನು ನಗುತ್ತಲೇ ಒಳಗೆ ಹೋದ. ಬಾಗಿಲು ಮುಚ್ಚುವವರೆಗೂ ಅಕ್ಕ ಅಲ್ಲೇ ನಿಂತಿದ್ದು, ಆಮೇಲೆ ಮೆಟ್ಟಿಲಿಳಿದಳು.