ಕೊನೆಯ ಉಗಿ ಅವರದು

ಫಿನ್ಲೆಂಡಿನ ಅಕ್ಟೋಬರ್ ಮಳೆ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ ತಂದಿತ್ತು. ಸರೋವರದ ದಂಡೆಯ ಸೌನಾದಲ್ಲಿ ಕಾದ ಕಲ್ಲಿಗೆ ನೀರೆರಚಿ, ಉಗಿಯಲ್ಲಿ ಬೆಂದು ಬಂದ ಐದಾರು ಜನ ಹೊರಕೋಣೆಯ ಬೆಂಚಿನ ಮೇಲೆ ಕೆಂಪಗೆ ಕೂತಿದ್ದರು. ನಡುವೆ ಹಿಲ್ಮಾ ಅಜ್ಜಿ. ವಯಸ್ಸು ಎಂಬತ್ತು, ಕೇಳಿದವರಿಗೆ ನೂರು ಎನ್ನುತ್ತಿದ್ದಳು. ಮೊಮ್ಮಗಳ ಗಂಡ ರೈಮೊ ಕಣ್ಣು ಮಿಟುಕಿಸಿ ಕೆಣಕಿದ: "ಅಜ್ಜೀ, ಕೊನೇ ಉಗಿ ಯಾರೂ ಮುಟ್ಟಬಾರದು ಅಂತೀಯಲ್ಲ, ಯಾಕೆ?"

"ಕೇಳ್ರಪ್ಪಾ... ಯುದ್ಧದ ಕಾಲದಲ್ಲಿ ದೇಶ ಆಳೋರ ಮನೇಲಿ ಸೌನಾ ಕಾಯಿಸ್ತಿದ್ದೋಳು ನಾನೇ. ನನ್ನ ಬೆಂಕೀಗೆ ಶತ್ರು ವಿಮಾನದೋರು ಆಕಾಶದಲ್ಲೇ ಬೆವೆತು ವಾಪಸ್ ಹೋಗ್ತಿದ್ರು, ನಗಬೇಡಿ! ಇಡೀ ಸೈನ್ಯ ಯಜಮಾನರಿಗೆ ಸಲಾಮು ಹೊಡೀತಿತ್ತು, ಯಜಮಾನರು ಅವರ ಹೆಂಡ್ತಿ ಸೈಮಿ ಅಮ್ಮಾವ್ರಿಗೆ. ಆಯಮ್ಮನಿಗೆ ಬಾರದ ಕೆಲಸ ಒಂದೇ, ಕಾಲುಚೀಲ ಹೆಣೆಯೋದು. ಸೈನಿಕರಿಗೆ ಅಂತ ಹೆಣೆದೂ ಹೆಣೆದೂ ಕಳಿಸೋರು... ಹಿಮ್ಮಡಿ ಬಂದು ಪಾದದ ನಡುವೆ ಕೂರೋದು! ಅರ್ಧ ಸೈನ್ಯ ಕುಂಟ್ತಾನೇ ಯುದ್ಧ ಮಾಡ್ತು, ಆದ್ರೂ ಒಬ್ಬನಾದ್ರೂ ಬಿಚ್ಚಿದ್ನಾ?

"ಅವರ ಒಬ್ಬನೇ ಮಗ ಅರ್ವೊ ಗಡೀಲಿ ಕಾಣೆಯಾದ. ಯಜಮಾನರು 'ಸೈಮಿ, ಸಾಕು, ಪ್ರಾರ್ಥನೆ ಮಾಡ್ಸೋಣ' ಅಂದ್ರು. 'ನೀವು ದೇಶ ನೋಡ್ಕೊಳ್ಳಿ, ನನ್ನ ಮಗನ್ನ ನಾನು ನೋಡ್ಕೋತೀನಿ' ಅಂದ್ರು ಅಮ್ಮಾವ್ರು. ಪ್ರತಿ ಶನಿವಾರ ನಾವೆಲ್ಲ ಮಿಂದಾದ ಮೇಲೆ ಒಳಗೆ ಟವೆಲು, ಒಂದು ಜೊತೆ ಕಾಲುಚೀಲ ಇಟ್ಟು, ಕಲ್ಲಿಗೆ ಇನ್ನೊಂದು ಸೌಟು ನೀರು ಹಾಕಿ ಬರೋರು. ಬೆಳಗ್ಗೆ ಹೋಗಿ ನೋಡಿದ್ರೆ... ಟವೆಲು ಒದ್ದೆ. ಕಾಲುಚೀಲ ಇಲ್ಲ.

"ಒಂದು ಶನಿವಾರ ಅಮ್ಮಾವ್ರು ಗಾಯಾಳುಗಳನ್ನ ನೋಡೋಕೆ ಹೋಗಿದ್ರು, 'ನೀನೇ ಇಡು ಹಿಲ್ಮಾ' ಅಂದಿದ್ರು. ಇಟ್ಟೆ. ಆದ್ರೆ ಸೌದೆಗೆ ಬರ, ಹೊರಗೆ ಹಲ್ಲು ಕಟಕಟ ಅನ್ನೋ ಚಳಿ... ಆ ಉಗೀಲಿ ನಾನೇ ಕೂತ್ಬಿಟ್ಟೆ, ಕಲ್ಲು ತಣ್ಣಗಾಗೋವರೆಗೂ. ಮಾರನೇ ದಿನ ಟವೆಲು ಒಣಗಿತ್ತು, ಕಾಲುಚೀಲ ಮಡಿಸಿದ ಹಾಗೇ ಇತ್ತು. ಅಮ್ಮಾವ್ರು ಬೈಲಿಲ್ಲ. ಇಡೀ ಯುದ್ಧದಲ್ಲಿ ಅಳದೇ ಇದ್ದೋರು ಅವತ್ತು ಅತ್ತರು. 'ಮಗು ಬಂದು ಚಳೀಲೇ ಹೋಯ್ತಲ್ಲೇ' ಅಂದ್ರು, ಅಷ್ಟೇ. ಆಮೇಲೆ ಎಷ್ಟು ಕಾಯಿಸಿದ್ರೂ ಟವೆಲು ಒದ್ದೆಯಾಗ್ಲಿಲ್ಲ...

"ಅಮ್ಮಾವ್ರು ತೀರ್ಕೊಂಡ ವಾರ ನಾನು ಕಾಯಿಸಿ, ನೀರು ಹಾಕಿ, ಹೊರಗೆ ನಿಂತೆ. ಒಳಗೆ ಇನ್ನೊಂದು ಸಲ ಕಲ್ಲು ಚುಯ್ ಅಂತು! ಅಮ್ಮಾವ್ರ ದನಿ... 'ಕಿವಿ ಹಿಂದೆ ಉಜ್ಜೋ, ಎಷ್ಟು ಮಣ್ಣು!' ಇದೊಂದಕ್ಕೆ ನಾನು ಉಪ್ಪುಖಾರ ಹಚ್ಚಿಲ್ಲ. ಅವತ್ತಿಂದ, ನಾನೆಲ್ಲಿ ಕಾಯಿಸಿದ್ರೂ ಕೊನೇ ಉಗಿ ಅವರಿಬ್ಬರದು."

ಅಜ್ಜಿ ತಟ್ಟನೆ ಒಳಬಾಗಿಲ ಕಡೆ ತಿರುಗಿದಳು. "ಇವತ್ತು ಅದನ್ನ ತಗೊಂಡೋರು ಯಾರು?"

ರೈಮೊ ತಲೆ ಕೆರೆದುಕೊಂಡ. "ತಮಾಷೆಗೆ ಅಜ್ಜೀ..."

"ಏಳು ಕತ್ತೆ, ಸೌದೆ ಹಾಕು!" ಎಂದ ಅಜ್ಜಿ ಬೆಂಚಿನಲ್ಲಿ ಸರಿದು ಇಬ್ಬರು ಕೂರುವಷ್ಟು ಜಾಗ ಬಿಟ್ಟಳು. ಖಾಲಿ ಜಾಗಕ್ಕೆ ಮೆಲ್ಲಗೆ ಹೇಳಿದಳು: "ಅರ್ಧ ಗಂಟೆ ಅಮ್ಮಾವ್ರೇ, ಕಾದುಬಿಡತ್ತೆ. ಅವನನ್ನೂ ಕೂರಿಸಿ."

ನೆಲದ ಹಲಗೆ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಕಿರುಗುಟ್ಟುತ್ತಾ ಬೆಂಚಿನವರೆಗೆ ಬಂತು. ಅಜ್ಜಿ ಬಾಯಿಗೆ ಸೆರಗಿನಂತೆ ಟವೆಲು ಒತ್ತಿ ಕಿಸಕ್ಕನೆ ನಕ್ಕಳು.

"ನೋಡಿದ್ರಾ... ಇವತ್ತಿಗೂ ಕುಂಟ್ತಾನೆ!"