ಬೋರ್ಡಿನ ಅಕ್ಷರಗಳು

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಹನೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕಿ ಮತ್ತು ಅವರ ಸೊಸೆ ಕೂತಿದ್ದರು. ಸೊಸೆಯ ಚೀಲದಲ್ಲಿ ಅಂಗಡಿಯ ಬೋರ್ಡಿನಿಂದ ಬಿಚ್ಚಿ, ಪಾಲಿಶ್ ಮಾಡಿಸಿದ ಸ್ಟೀಲಿನ ಇಂಗ್ಲಿಷ್ ಅಕ್ಷರಗಳಿದ್ದವು.

“ನನ್ ಮಗನ್ ಎಸ್ರ ಕಿತ್ತಾಕ್ಬುಟ್ಟಲ್ಲ ಚಂದ್ರಿ.”

“ರವಿ ಸ್ಟೋರ್ಸ್ ಅಂತ ಇದ್ರೆ ಇನ್ನೂ ಸಕ್ರೆ, ಬೀಡಿ ಕೇಳ್ಕಂಡು ಬತ್ತಾರೆ ಅತ್ತೆ. ಬಂದೋರ್ಗೆಲ್ಲ ಅವ್ರು ತೀರ್ಕಂಡ್ರು ಅಂತ ನಾನೇ ಏಳ್ಬೇಕು.”

“ಈಗ ಏನಂತ ಆಕ್ಸೀಯ?”

“ವೆರೈಟಿ ಅಂತ. ಕೆಳಗೆ ಕನ್ನಡದಲ್ಲಿ ಒಲಿಗೆ ಅಂಗಡಿ ಅಂತ ಬರೆಸ್ತೀನಿ.”

“ಅದ್ಯಾಕೆ? ದೇವ್ರ ಎಸ್ರು ಇರ್ನಿಲ್ವಾ?”

“ಅವ್ರ ಎಸ್ರಿನ ನಾಕು ಇಂಗ್ಲಿಷ್ ಅಕ್ಷರನೂ ಬರೋ ಪದ ಬೇಕಾಗಿತ್ತು. ಫೋನಲ್ಲಿ ಸುಮಾರು ದಿನ ಉಡುಕ್ದೆ. ಡ್ರೈವ್ ಅಂತ ಸಿಕ್ತು, ಅದ್ರಲ್ಲಿ ಎ ಇಲ್ಲ. ವೆರೈಟೀಲಿ ಎಲ್ಲ ಅವೆ.”

ಸೊಸೆ ಒಂದೊಂದೇ ಅಕ್ಷರ ತೆಗೆದು ಮುದುಕಿಯ ಮಡಿಲಲ್ಲಿಟ್ಟಳು.

“ವಿ, ಎ, ಆರ್, ಐ. ಇವು ಅವ್ರ ಎಸ್ರಿನವು. ಇ, ಟಿ ಎರಡ್ನೂ ಸ್ಟೋರ್ಸಿಂದ ತಕ್ಕಂಡೆ.”

“ಅವ್ನು ಮಾಡ್ಸಿದ್ದ ಅಕ್ಷರವೇ ತಾನೆ?”

“ಅವೇ ಅತ್ತೆ. ವೈ ಒಂದಿಲ್ಲ. ನೀವು ಒಪ್ಪುದ್ಮೇಲೆ ಮಾಡ್ಸವ ಅಂತ ಬುಟ್ಟಿವ್ನಿ.”

ಮುದುಕಿ ಆ ಅಕ್ಷರಗಳ ಮೇಲೆ ಕೈಯಾಡಿಸಿದರು. ಹನೂರಿನ ಬಸ್ಸು ಬಂತು. ಸೊಸೆ ಎದ್ದಳು.

“ಇದು ಓಗ್ಲಿ, ಇನ್ನೊಂದು ಬತ್ತದೆ,” ಎಂದರು ಮುದುಕಿ. “ಬಾ, ಅದೊಂದ್ನೂ ಈಗ್ಲೇ ಮಾಡ್ಸ್ಕಂಡು ಬರವ.”

ನಾನು ಬಸ್ಸು ಹತ್ತಿದೆ. ಅವರಿಬ್ಬರೂ ಪೇಟೆಯ ಕಡೆ ನಡೆದರು.