ಮೂವತ್ತನೇ ಚೀಟಿ

ಆ ಚೀಟಿ ಹೆಡ್ಲೀನೇ ಹಾಕಿರ್ತಾನೆ ಕಣೇ ಸೆಲೀನಾ, ಬೇಕಾದ್ರೆ ಬರೆದಿಟ್ಕೋ. ಯಾಕೆ ತಲೆ ಅಲ್ಲಾಡಿಸ್ತೀಯ? ಚರ್ಚ್ ಹಾಲ್‌ನಲ್ಲಿ ಮೊದ್ಲು ಕೈ ಎತ್ತಿದ್ದು ಅವ್ನೇ, ಗೊತ್ತು. "ಈ ದ್ವೀಪ ಬಿಟ್ಟು ನನ್ನ ಹೆಣಾನೂ ಹೋಗಲ್ಲ" ಅಂದ. ಅವನ ಹಿಂದೆ ನಲವತ್ತು ಜನದ ಕೈಯೂ ಮೇಲೆ. ನಾನೂ ಎತ್ತಿದೆ, ನಿನ್ನ ಪಕ್ಕದಲ್ಲೇ ಅಲ್ವಾ ಕೂತಿದ್ದೆ. ನೀನು ಅತ್ತೆ, ಕರ್ಚೀಫ್ ಕೊಟ್ಟಿದ್ದು ಯಾರು?

ಆಮೇಲೆ ವಾರ ಆಗಿಲ್ಲ, ಸರ್ಕಾರದೋರು ಓಟಿನ ಪೆಟ್ಟಿಗೆ ತಂದಿಟ್ರು. ಒಬ್ಬೊಬ್ರೇ ಪರದೆ ಒಳಗೆ ಹೋಗಿ ಗುರುತು ಹಾಕಿ ಬಂದ್ವಿ. ಮೂವತ್ತು ಜನ 'ಹೋಗ್ತೀವಿ' ಅಂದ್ರೆ ಊರು ಖಾಲಿ, ಕರೆಂಟಿಲ್ಲ, ಫೆರಿ ದೋಣಿ ಇಲ್ಲ. ಎಣಿಸಿದ್ರೆ... ಸರಿಯಾಗಿ ಮೂವತ್ತು. ಒಂದೇ ಒಂದು ಕಮ್ಮಿ ಆಗಿದ್ರೆ ನೀನು ಇಲ್ಲೇ ಇರ್ತಿದ್ದೆ, ನಿನ್ನ ಗಂಡನ ಗೋರಿ ಬೇಲಿಗೆ ಪ್ರತಿ ಬೇಸಿಗೆ ಬಿಳಿ ಬಣ್ಣ ಬಳ್ಕೊಂಡು.

ಆ ಮಾಡ್ ಅಜ್ಜಿ ಇರ್ಬೋದಾ? ಮಂಡಿ ನೋವು, ಆಸ್ಪತ್ರೆ ಹತ್ರ ಇರ್ಬೇಕು ಅಂತ ಯಾವಾಗ್ಲೂ ಅದೇ ರಾಗ. ಅಂಗಡಿ ಲೀವೈ ನೋಡು, ಸಿಕ್ಕಾಗೆಲ್ಲ "ಛೇ, ಹೀಗಾಗ್ಬಾರ್ದಿತ್ತು" ಅಂತಾನೆ, ಕಣ್ಣು ಮಾತ್ರ ನೆಲದ ಮೇಲೆ. ಕೇಳಿದ್ರೆ ಒಬ್ರೂ ಹಾಕಿಲ್ಲ. ಹಾಗಾದ್ರೆ ಮೂವತ್ತು ಚೀಟೀನೂ ಕಡಲುನಾಯಿಗಳು ಬಂದು ಹಾಕಿ ಹೋದ್ವಾ? ನಗ್ಬಾರ್ದಾ ಒಂಚೂರು...

ಟೀ ಕುಡಿ, ಆರ್ಹೋಗತ್ತೆ. ಏನು, ಜಾಮ್ ಬಾಟ್ಲಿಯಲ್ಲಿ ಯಾಕೆ ಕೊಟ್ಟೆ ಅಂತಾನಾ? ಕಪ್‌ಗಳು ತೊಳೆಯೋಕೆ ಬಿದ್ದಿವೆ. ಅಲ್ಲೇನು ನೋಡ್ತೀಯ? ಅಲಮಾರಿ ಧೂಳು ಹೊಡೆದೆ, ಅದಕ್ಕೇ ಖಾಲಿ. ಆ ರಟ್ಟಿನ ಪೆಟ್ಟಿಗೆ ಹಳೇದು ಕಣೇ. ಮುಟ್ಬೇಡ್ವೇ, ಒಡೆದ್ಹೋಗತ್ತೆ...

ಹ್ಞೂಂ. ಕಪ್‌ಗಳೇ. ಚೀಟಿ ಎಣಿಸೋಕೆ ಮುಂಚೇನೇ ಪೇಪರ್ ಸುತ್ತಿಟ್ಟಿದ್ದೆ.

ಬೈಯೇ ನನ್ನ. ಹೋದ ಚಳಿಗಾಲ ನಂಗೆ ಎದೆ ಹಿಡ್ಕೊಂಡಾಗ ಮೂರು ದಿನ ಫೆರಿ ಬರ್ಲಿಲ್ಲ. ನೀನೇ ಕೈ ಹಿಡ್ಕೊಂಡು ಕೂತಿದ್ದೆ, ಮರೆತಿಲ್ಲ. ಆದ್ರೆ ಆ ಮೂರು ರಾತ್ರೀನೂ ಮರೆತಿಲ್ಲ.

ಹಾಲ್‌ನಲ್ಲಿ ಸುಳ್ಳು ಹೇಳ್ಲಿಲ್ಲ ಕಣೇ ನಾನು. ನೀನು ಪಕ್ಕದಲ್ಲಿದ್ದೆ, ಹೋಗ್ಬೇಕು ಅಂತ ಅನ್ನಿಸ್ಲೇ ಇಲ್ಲ.

ಆ ಪರದೆ ಒಳಗೆ ಒಬ್ರಿಗೇ ಜಾಗ ಇದ್ದಿದ್ದು, ಸೆಲೀನಾ.